ಮೂಳೆಗೇನೂ ಆಗಿಲ್ಲ

ಅಂಗಿಯ ತೋಳಿಗೆ ಬಲಗೈ ತೂರಿಸಲು ಹೋದಾಗ ಗೊತ್ತಾಯಿತು.

ಕೈ ಏಳಲಿಲ್ಲ.

ನೋವು ಆಮೇಲೆ ಬಂತು. ಮೊದಲು ಆದದ್ದು ಬರೀ ಆಶ್ಚರ್ಯ. ಹುಟ್ಟಿದಾಗಿನಿಂದ ನನ್ನ ಮಾತು ಮೀರದ ಕೈ ಅದು. ಅದಕ್ಕೊಂದು ಮಾತು ಹೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಮೊದಲ ಸಲ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಬಲವಂತ ಮಾಡಿದೆ. ಕತ್ತಿನ ಬುಡದಿಂದ ಮೊಣಕೈವರೆಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಏನೋ ಹಿಂಡಿತು. ಕಣ್ಣು ಕತ್ತಲೆ ಬಂತು. ಅರ್ಧ ಅಂಗಿ ತೊಟ್ಟುಕೊಂಡೇ ಮಂಚದ ಮೇಲೆ ಕೂತುಬಿಟ್ಟೆ.

ಅತ್ತೆ ಅಡಿಗೆಮನೆಯಿಂದ ಕೂಗಿದಳು. "ಚಂದ್ರೂ, ಬಸ್ಸು ತಪ್ಪುತ್ತೆ ಮಾರಾಯ. ರೊಟ್ಟಿ ಆರಿಹೋಯ್ತು."

"ಕೈ ಬರ್ತಿಲ್ಲ ಅತ್ತೆ."

"ಎಲ್ಲಿಗೆ ಬರ್ತಿಲ್ಲ?"

ಹಿಂದಿನ ಸಂಜೆ ನಡೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳುವಂಥದ್ದೇನೂ ನಡೆದಿಲ್ಲ ಎಂದುಕೊಂಡಿದ್ದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದ ಬಸ್ಸು ರಸ್ತೆ ಬಿಟ್ಟು ಚರಂಡಿಗೆ ವಾಲಿತ್ತು. ಯುದ್ಧದ ಕಾಲ, ಪೆಟ್ರೋಲು ಸಿಗುವುದಿಲ್ಲ. ಬಸ್ಸಿನ ಹಿಂಬದಿಗೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಲ್ಲಿ ಓಡಿಸುತ್ತಾರೆ. ಏರು ಬಂದರೆ ಅದಕ್ಕೆ ಉಸಿರು ಸಾಲದು. ಅದಕ್ಕೇ ಡ್ರೈವರು ಏರಿಗೆ ಮೊದಲೇ ವೇಗ ಹೆಚ್ಚಿಸಿಕೊಂಡ. ತಿರುವಿನಲ್ಲಿ ಕಬ್ಬಿನ ಗಾಡಿ ಎದುರಾಯಿತು. ಬಸ್ಸು ಉರುಳಲಿಲ್ಲ, ವಾಲಿತು, ಅಷ್ಟೆ. ಮುಂದಿನ ಸೀಟಿನ ಕಬ್ಬಿಣದ ಕಂಬಿಗೆ ನನ್ನ ಭುಜ ಹೋಗಿ ಬಡಿಯಿತು. ಕತ್ತು ಒಂದು ಕಡೆ, ಮೈ ಒಂದು ಕಡೆ. ಎದ್ದೆ, ಧೂಳು ಕೊಡವಿಕೊಂಡು ಇಳಿದೆ. ಯಾರ ಮೈಮೇಲೂ ರಕ್ತವಿರಲಿಲ್ಲ.

ಬಸ್ಸಿನ ಯಜಮಾನರು ಹಾಲೇಶಪ್ಪನವರು ಅದೇ ಬಸ್ಸಿನಲ್ಲಿದ್ದರು. ವಯಸ್ಸಾದವರು, ಹೊಲ ಮಾರಿ ಬಸ್ಸು ಕೊಂಡವರು. ರುಮಾಲು ಬಿಚ್ಚಿಹೋಗಿ ಹೆಗಲ ಮೇಲೆ ಬಿದ್ದಿತ್ತು. ಇಳಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮುಟ್ಟಿ ಮಾತಾಡಿಸುತ್ತ ನನ್ನ ಹತ್ತಿರ ಬಂದರು.

"ಏನಾದ್ರೂ ಆಯ್ತಾ ತಮ್ಮಾ?"

"ಪರವಾಗಿಲ್ಲ ಬಿಡಿ ಯಜಮಾನ್ರೇ."

ಅವರ ಕೈ ನಡುಗುತ್ತಿತ್ತು. ಆ ಹೊತ್ತಿನಲ್ಲಿ ಬೇರೆ ಏನು ಹೇಳಬೇಕಿತ್ತೆಂದು ಈಗಲೂ ಯಾರಾದರೂ ಹೇಳಲಿ, ಕೇಳುತ್ತೇನೆ. ಹಿಂದೆ ಬಂದ ಎತ್ತಿನ ಗಾಡಿ ಹತ್ತಿ ದುರ್ಗಿಗುಡಿಯ ಮನೆ ಸೇರಿದೆ. ಉಂಡೆ, ಮಲಗಿದೆ. ಮೈ ಮಾತ್ರ ಮಲಗಿರಲಿಲ್ಲ. ನಾನು ನಿದ್ದೆ ಮಾಡುತ್ತಿದ್ದಾಗ ಅದು ಒಳಗೊಳಗೇ ತನ್ನ ಪೆಟ್ಟನ್ನು ಹುಡುಕಿ ತೆಗೆಯುತ್ತಿತ್ತು.

ನನ್ನ ಕೆಲಸ ಏನೆಂದು ಇಲ್ಲಿ ಹೇಳದಿದ್ದರೆ, ಒಂದು ಕೈಗೆ ಇಷ್ಟು ರಂಪವೇಕೆ ಎಂದು ಓದುವವರು ಕೇಳಬಹುದು. ಭದ್ರಾವತಿಯಲ್ಲಿ ಕಟ್ಟಡದ ಕಂಟ್ರಾಕ್ಟರೊಬ್ಬರ ಆಫೀಸಿನಲ್ಲಿ ನಾನು ಟ್ರೇಸರ್. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ, ಕೆಳಗಿನ ಗೆರೆ ಕಾಣುವಂಥ ಮೇಣದ ಬಟ್ಟೆ ಹಾಸಿ, ಅವನ ಗೆರೆಗಳನ್ನೆಲ್ಲ ಶಾಯಿಯಲ್ಲಿ ತಿದ್ದುವವನು. ಹಲಗೆ ಇಳಿಜಾರಾಗಿ ಎದುರಿಗೆ ನಿಂತಿರುತ್ತದೆ. ನಕ್ಷೆಯ ಮೇಲಂಚಿಗೆ ಹೋಗಬೇಕಾದರೆ ಕೈ ತಲೆಯ ಮಟ್ಟಕ್ಕೆ ಏಳಬೇಕು. ಕೈ ಏಳದ ಟ್ರೇಸರ್ ಎಂದರೆ ಗಂಟಲು ಕಟ್ಟಿದ ಕೀರ್ತನಕಾರ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಪ್ಪ ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ಈ ಗೌರತ್ತೆ. ಮನೆಗೆ ಬರುತ್ತಿದ್ದ ಸಂಬಳ ನನ್ನದೊಂದೇ.

ಆಸ್ಪತ್ರೆಯ ಡಾಕ್ಟರು ಕೈಯನ್ನು ಮುಂದಕ್ಕೆ ತಂದರು, ಹಿಂದಕ್ಕೆ ಒಯ್ದರು. ಪಕ್ಕಕ್ಕೆ ಎತ್ತಿದಾಗ ನಾನು ಕಿರುಚಿದೆ. ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನೂ ಕರೆದರು.

ನನ್ನ ಒಳಗನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಬೂದಿ ಬಣ್ಣದ ಮಂಜಿನಲ್ಲಿ ಬಿಳಿಯ ಗುಂಡು, ಅದನ್ನು ಹಿಡಿದ ಬಟ್ಟಲು, ಮೇಲೊಂದು ಬಾಗಿದ ಕೊಂಬೆ. ಇಷ್ಟು ಚೆಂದದ್ದನ್ನು ಹೊತ್ತುಕೊಂಡು ಇಷ್ಟು ವರ್ಷ ಬಸ್ಸು ಹತ್ತಿ ಇಳಿದಿದ್ದೆ.

"ಬೋನ್ ಪರ್ಫೆಕ್ಟ್. ಮೂಳೆಗೇನೂ ಆಗಿಲ್ಲ" ಎಂದರು ಡಾಕ್ಟರು.

"ಹಾಗಾದ್ರೆ ನೋಯೋದು ಯಾವುದು?"

"ಸಾಫ್ಟ್ ಟಿಶ್ಯೂ ಇಂಜುರಿ. ಮಸಲ್, ಲಿಗಮೆಂಟ್, ಟೆಂಡನ್ ಎಲ್ಲ ಎಳೆದುಹೋಗಿವೆ. ಮೂಳೆ ಬಿಟ್ಟು ಮಿಕ್ಕ ಮೆತ್ತನೆ ಭಾಗ."

"ಅವು ಇದರಲ್ಲಿ ಎಲ್ಲಿವೆ?"

"ಇದರಲ್ಲಿ ಕಾಣಲ್ಲ."

ಅತ್ತೆ ಮಧ್ಯೆ ಬಾಯಿ ಹಾಕಿದಳು. "ಮೆತ್ತಗಿರೋದಕ್ಕೆ ಏನಾಗುತ್ತೆ ಡಾಕ್ಟ್ರೇ? ಬಡಿದ್ರೆ ಗಟ್ಟಿ ಇರೋದು ಒಡೀಬೇಕು."

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಅತ್ತೆ ಕೇಳಿದ್ದು ನನ್ನದೇ ಪ್ರಶ್ನೆ. ಇಂಟರ್ಮೀಡಿಯೆಟ್ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನನಗೆ ಹೆಸರು ತಂದ ಭಾಷಣದ ವಿಷಯ ಒಂದೇ: ಕಾಣದ್ದನ್ನು ನಂಬಲು ಕಾರಣವಿಲ್ಲ. ದೇವರಿಂದ ಹಿಡಿದು ಕೆಟ್ಟ ದೃಷ್ಟಿಯವರೆಗೆ ಎಲ್ಲವನ್ನೂ ಆ ಒಂದು ವಾಕ್ಯದಿಂದ ಒರೆಸಿ ಹಾಕಿದ್ದೆ. ಈಗ ಸಾಕ್ಷ್ಯ ಕಿಟಕಿಯ ಬೆಳಕಿನಲ್ಲಿ ತೂಗುತ್ತಿತ್ತು. ಅದರ ಪ್ರಕಾರ ನನಗೆ ಏನೂ ಆಗಿರಲಿಲ್ಲ. ನೋವು ಅದನ್ನು ಓದಿರಲಿಲ್ಲ.

ಸ್ಲಿಂಗ್ ಕಟ್ಟಿದರು. ರೆಸ್ಟ್, ಬಿಸಿ ಶಾಖ, ಹಚ್ಚಲು ಲಿನಿಮೆಂಟ್. ಎಷ್ಟು ದಿನ ಎಂದರೆ, ನೋಡೋಣ ಎಂದರು.

ಆಮೇಲಿನದು ನಾನು ಯಾವ ಪಠ್ಯದಲ್ಲೂ ಓದಿರದ ಪಾಠ. ಪೆಟ್ಟು ಬಿದ್ದದ್ದು ಭುಜಕ್ಕೆ. ಬಣ್ಣ ಏರಿದ್ದು ತೋಳಿಗೆ. ನೇರಳೆ ಹಣ್ಣಿನ ಕಪ್ಪು ಮೊದಲು, ಆಮೇಲೆ ಅದರ ಅಂಚಿಗೆ ಪಾಚಿಯ ಹಸಿರು, ಆಮೇಲೆ ಹಳದಿ. ದಿನಾ ಕನ್ನಡಿಯ ಮುಂದೆ ನಿಂತು ನೋಡುತ್ತಿದ್ದೆ. ಬಣ್ಣ ಕೆಳಗೆ ಕೆಳಗೆ ಇಳಿಯುತ್ತ ಮೊಣಕೈ ದಾಟಿತು. ಯಾರೂ ಹೇಳಿಕೊಡದೆ, ಯಾರ ಅಪ್ಪಣೆಗೂ ಕಾಯದೆ, ಮೈ ಒಳಗಿನ ಕೊಳೆಯನ್ನು ತಾನೇ ಗುಡಿಸಿ ಹೊರಗೆ ಹಾಕುತ್ತಿತ್ತು. ಇನ್ನೊಂದು ಸಂಗತಿ. ಸೀನುವುದಕ್ಕೆ ಭುಜ ಬೇಕು ಎಂದು ಯಾರಿಗೆ ಗೊತ್ತಿತ್ತು? ಆಕಳಿಸುವುದಕ್ಕೆ ಬೇಕು. ಮಗ್ಗುಲಾಗುವುದಕ್ಕೆ, ಚಪ್ಪಲಿ ಮೆಟ್ಟುವುದಕ್ಕೆ, ಬಿದ್ದು ಬಿದ್ದು ನಗುವುದಕ್ಕೆ ಬೇಕು. ಅಷ್ಟು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದ ಒಂದು ಹಿಡಿ ಮಾಂಸದ ಕಡೆ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಬಣ್ಣ ಹೋಯಿತು. ಊತ ಇಳಿಯಿತು.

ಕೈ ಏಳಲಿಲ್ಲ.

ಭುಜದ ಮಟ್ಟದ ತನಕ ಬರುತ್ತಿತ್ತು. ಅಲ್ಲಿ ಯಾರೋ ಒಳಗಿನಿಂದ ಅಗಳಿ ಹಾಕಿದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಎಷ್ಟು ಒದ್ದಾಡಿದರೂ ಬೆವರು ಮಾತ್ರ ಬರುತ್ತಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾದ ಹುಡುಗ. ನೋಡಲು ಬಂದವರೆಲ್ಲ ನನಗೆ ಬಹುಮಾನ ಬಂದಿದೆಯೇನೋ ಎನ್ನುವ ಹಾಗೆ ಹೇಳಿದ್ದು ಒಂದೇ ಮಾತು: "ಸದ್ಯ, ಮೂಳೆಗೇನೂ ಆಗಿಲ್ವಂತಲ್ಲ!" ಆಫೀಸಿನ ಹೆಡ್ ಡ್ರಾಫ್ಟ್ಸ್‌ಮನ್ ಒಂದು ಭಾನುವಾರ ಮನೆಗೆ ಬಂದು ಕಾಫಿ ಕುಡಿದು ಹೇಳಿದರು: "ಮುರಿದಿದ್ರೆ ಕಂಟ್ರಾಕ್ಟರ್ ಸಾಹೇಬ್ರಿಗೆ ಹೇಳೋಕೆ ಒಂದು ದಾರಿ ಇರ್ತಿತ್ತು ಚಂದ್ರಶೇಖರ್. ಉಳುಕು ಅಂದ್ರೆ ನಗ್ತಾರೆ. ಜಾಗ ಎಷ್ಟು ದಿನ ಇಟ್ಕೊಂಡಿರ್ಲಿ?"

ಕೆಟ್ಟ ಮನುಷ್ಯರಲ್ಲ ಅವರು. ಆದರೂ ಆ ಭಾನುವಾರ ನನಗೆ ಮೊದಲ ಸಲ ಹೆದರಿಕೆಯಾಯಿತು. ಇದು ಹೀಗೇ ಉಳಿದರೆ?

ದಾವೆ ಹೂಡೋಣ ಎಂದವರು ರುದ್ರಪ್ಪ ಮಾವ. ದೂರದ ಸಂಬಂಧ, ಶಿವಮೊಗ್ಗದಲ್ಲಿ ವಕೀಲರು. "ಬಸ್ಸಿಗೆ ಇನ್ಶೂರೆನ್ಸ್ ಇದೆ ಕಣೋ. ಮುದುಕರ ಜೇಬಿಗೆ ಕೈ ಹಾಕ್ದಂಗೆ ಆಗಲ್ಲ. ಆಸ್ಪತ್ರೆ ಖರ್ಚು, ಹೋದ ಸಂಬಳ, ಕೈ ಹೀಗೇ ಉಳಿದ್ರೆ ಮುಂದಿನ ಜೀವನ. ಕೇಳೋದು ನ್ಯಾಯ" ಎಂದರು. ನ್ಯಾಯ ಎಂಬ ಮಾತಿಗಿಂತ ನನ್ನನ್ನು ಎಳೆದದ್ದು ಇನ್ನೊಂದು: ಕೋರ್ಟಿನಲ್ಲಿ ವಾದ ಇರುತ್ತದೆ. ನನ್ನ ನೋವು ನಿಜವೆಂದು ಒಬ್ಬ ನ್ಯಾಯಾಧೀಶರ ಬಾಯಿಂದ ಹೇಳಿಸಬಹುದು. ಆಫೀಸಿನವರೂ ಆಗ ನಗುವಂತಿಲ್ಲ.

ದಾವೆ ಹಾಕಿದೆವು. ಇನ್ಶೂರೆನ್ಸ್ ಕಂಪನಿ ಹಾಲೇಶಪ್ಪನವರ ಪರವಾಗಿ ಬೆಂಗಳೂರಿನಿಂದ ವಕೀಲರನ್ನು ಗೊತ್ತುಮಾಡಿತು. ಅವರ ಉತ್ತರ ಬಂತು. ವಾದಿಗೆ ಯಾವ ಪೆಟ್ಟೂ ಆಗಿಲ್ಲ, ಸ್ಥಳದಲ್ಲಿ ಅವರೇ ಹಾಗೆ ಹೇಳಿದ್ದಾರೆ.

"ಏನಂತ ಹೇಳಿದ್ದೆ?" ಎಂದರು ಮಾವ.

"ಪರವಾಗಿಲ್ಲ ಅಂದಿದ್ದೆ."

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡಿಬೇಟಿನಲ್ಲಿ ಅಧ್ಯಕ್ಷರು ಗಂಟೆ ಹೊಡೆದ್ರೂ ನಿಲ್ಲಿಸ್ತಿರಲಿಲ್ವಲ್ಲೋ ನೀನು. ಅವತ್ತೇ ಒಂದೇ ಮಾತಿಗೆ ಮುಗಿಸ್ಬೇಕಿತ್ತಾ?"

ವಿಚಾರಣೆಗೆ ಇನ್ನೂ ಕೆಲವು ವಾರ ಇದ್ದಾಗ ಅತ್ತೆ ಒಂದು ಕೆಲಸ ಮಾಡಿದಳು.

ನಮ್ಮ ಕಡೆ ಒಂದು ನಂಬಿಕೆ ಇದೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಉಳುಕಿದ ಜಾಗಕ್ಕೆ ಪಾದ ಇಟ್ಟು ನೀವಿದರೆ ಉಳುಕು ಬಿಡುತ್ತದೆ ಎಂದು. ಅಂಥವರು ಸಿಗುವುದು ಅಪರೂಪ. ಇದ್ದರೆ ಊರಿಗೆಲ್ಲ ಗೊತ್ತಿರುತ್ತದೆ. ಅತ್ತೆ ಬಹಳ ದಿನದಿಂದ ಅಂಥವರೊಬ್ಬರನ್ನು ಕರೆತರುತ್ತೇನೆ ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ಭಾಷಣ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಹುಟ್ಟುವಾಗ ತಲೆ ಮೊದಲೋ ಕಾಲು ಮೊದಲೋ ಎಂಬುದಕ್ಕೂ ನನ್ನ ಲಿಗಮೆಂಟಿಗೂ ಏನು ಸಂಬಂಧ ಎಂದು ಕೇಳುತ್ತಿದ್ದೆ. ಆ ದಿನ ಬೆಳಿಗ್ಗೆ ಅವಳು ಭಾಷಣಕ್ಕೆ ಕಾಯಲಿಲ್ಲ. ಬಾಗಿಲು ತೆರೆದು, "ಬನ್ನಿ ಅಣ್ಣಾ, ಒಳಗೆ ಬನ್ನಿ" ಎಂದಳು.

ಹೊಸ್ತಿಲ ಆಚೆ ಹಾಲೇಶಪ್ಪನವರು ನಿಂತಿದ್ದರು.

ಅತ್ತೆಯ ಕೈ ಹಿಡಿದೆ. ಒಳಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದೆ. "ಅತ್ತೆ, ಅವ್ರ ಮೇಲೇ ಅಲ್ವಾ ನಾವು ಕೇಸ್ ಹಾಕಿರೋದು!"

"ಹೂಂ. ಕೇಸು ಕೋರ್ಟಲ್ಲಿದೆ. ಉಳುಕು ಮನೇಲಿದೆ. ಕಾಲು ಮುಂದಾಗಿ ಹುಟ್ಟಿದೋರು ಈ ಊರಲ್ಲಿ ಅವ್ರೊಬ್ರೇ. ನಾನೇನ್ ಮಾಡ್ಲಿ? ಇನ್ನೊಬ್ರನ್ನ ಹುಟ್ಟಿಸ್ಲಾ?"

"ಮಾವನಿಗೆ ಗೊತ್ತಾದ್ರೆ ನಮ್ಮಿಬ್ರನ್ನೂ ನೇಣಿಗೆ ಹಾಕ್ತಾರೆ."

"ವಕೀಲ್ರಿಗೆ ನೇಣು ಹಾಕೋಕೆ ಬರಲ್ಲ ಬಿಡು. ಬಾ, ಅವ್ರು ಇನ್ನೂ ಬಾಯಿಗೆ ನೀರು ಹಾಕಿಲ್ಲ."

ಹೊರಗೆ ಬಂದಾಗ ಅವರು ಬಚ್ಚಲ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುತ್ತಿದ್ದರು. ಬೆರಳ ಸಂದಿಗಳನ್ನೂ ಬಿಡದೆ ಉಜ್ಜಿ, ಹೆಗಲ ವಲ್ಲಿಯಿಂದ ಒರೆಸಿಕೊಂಡರು. ನನ್ನ ಮುಖ ನೋಡದೆ ಹೇಳಿದರು. "ನೀವು ಓದಿದೋರು, ಇದನ್ನೆಲ್ಲ ನಂಬಲ್ಲ ಅಂತ ಅಕ್ಕ ಹೇಳಿದ್ರು. ನಂಬ್ಬೇಡಿ. ಕರೆದ್ರೆ ಹೋಗದೇ ಇರ್ಬಾರ್ದು ಅಂತ ನಮ್ಮವ್ವ ಆಣೆ ಹಾಕಿಸ್ಕೊಂಡಿದ್ಲು, ಅದಕ್ಕೆ ಬಂದೆ."

ಕೈ ಎತ್ತಿ ತೋರಿಸಿ ಎಂದು ಈ ಸಲ ನನ್ನ ಮುಖವನ್ನೇ ನೋಡಿದರು. ಎತ್ತಲು ಹೋಗಿ, ಆಗದೆ, ಚಾಪೆಯ ಮೇಲೆ ಎಡ ಮಗ್ಗುಲಾಗಿ ಮಲಗಿದೆ. ಯಾಕೆ ಒಪ್ಪಿದೆ? ಆ ಮುದುಕರು ಕಾಲು ತೊಳೆದ ರೀತಿ ನೋಡಿದ ಮೇಲೆ ಎದ್ದು ಹೋಗುವುದು ಸಾಧ್ಯವಿರಲಿಲ್ಲ. ಇದು ತರ್ಕವಲ್ಲ, ಗೊತ್ತು.

ಗೋಡೆ ಹಿಡಿದು ನಿಂತರು. ಬಲಗಾಲು ಎತ್ತಿ ಪಾದವನ್ನು ನನ್ನ ಕತ್ತಿನ ಬುಡಕ್ಕೆ ತಾಗಿಸಿದರು. ಒತ್ತಲಿಲ್ಲ. ಒಂದು ಎಲೆ ಬಿದ್ದಷ್ಟು ಭಾರ. ತಣ್ಣನೆಯ, ಒರಟು ಪಾದ, ಒಂದಿಷ್ಟು ನಡುಗುವ ಪಾದ, ಭುಜದ ಮೇಲೆ ಹಾದು ತೋಳಿನ ಗುಂಟ ಇಳಿಯಿತು. ಇನ್ನೊಮ್ಮೆ. ಮತ್ತೊಮ್ಮೆ. ಅವರ ಉಸಿರು ನನಗೆ ಕೇಳುತ್ತಿತ್ತು.

ಆಮೇಲೆ ಆದದ್ದು ನನ್ನ ಎಣಿಕೆಯಲ್ಲಿರಲಿಲ್ಲ. ಅವರು ಕಷ್ಟಪಟ್ಟು ಮಂಡಿಯೂರಿದರು. ಪಾದ ತಾಗಿದ ಜಾಗವನ್ನೆಲ್ಲ, ಕತ್ತು, ಭುಜ, ತೋಳು, ಬಲಗೈಯಿಂದ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಯಾರ ಮೈಗಾದರೂ ಕಾಲು ತಗುಲಿದರೆ ನಾವೆಲ್ಲ ಮಾಡುವುದೇ ಅದು. ನಡೆಯುತ್ತಲೇ ಮಾಡಿ ಮುಗಿಸಿಬಿಡುತ್ತೇವೆ. ಅವರು ಮಾತ್ರ ದೇವರ ಮುಂದೆ ಕೂತವರ ಹಾಗೆ ಸಾವಕಾಶವಾಗಿ ಮಾಡಿದರು. ನನ್ನಂಥ ಒಬ್ಬ ಟ್ರೇಸರನ ಭುಜದ ಮುಂದೆ. ತಮ್ಮ ಮೇಲೆ ದಾವೆ ಹಾಕಿದವನ ಭುಜದ ಮುಂದೆ.

ನೋವು ಹೋಯಿತೇ? ಇಲ್ಲ. ಆ ಸಂಜೆಯೂ ಕೈ ಅಲ್ಲೇ, ಆ ಅಗಳಿಯ ಹತ್ತಿರವೇ ನಿಂತಿತು. ಪಾದದಿಂದ ಉಳುಕು ಬಿಡುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ಇವತ್ತೂ ಎದ್ದು ನಿಂತು ವಿರೋಧಿಸುತ್ತೇನೆ. ಆದರೆ ಆ ಭುಜವನ್ನು ಅದುವರೆಗೆ ಅಷ್ಟು ಗೌರವದಿಂದ ಯಾರೂ ಮುಟ್ಟಿರಲಿಲ್ಲ, ನಾನೂ ಸೇರಿದಂತೆ. ಅದನ್ನು ಒಪ್ಪಿಕೊಳ್ಳದಿದ್ದರೆ ಸುಳ್ಳಾಗುತ್ತದೆ.

ಅವರು ಕಾಫಿ ಬೇಡವೆಂದರು. ಕೇಸಿನ ಮಾತು ಇಬ್ಬರೂ ಎತ್ತಲಿಲ್ಲ.

ವಿಚಾರಣೆಯ ದಿನ ಡಾಕ್ಟರು ಮೊದಲು ಸಾಕ್ಷಿ ಹೇಳಿದರು. ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಸಾಫ್ಟ್ ಟಿಶ್ಯೂ ಇಂಜುರಿ, ವಾಸಿಯಾಗುವುದೋ ಇಲ್ಲವೋ ಈಗಲೇ ಹೇಳಲಾರೆ. ಬೆಂಗಳೂರಿನ ವಕೀಲರು ಎದ್ದರು. ಇಸ್ತ್ರಿ ಮಾಡಿದ ಕೋಟು, ಬಹಳ ಸೌಜನ್ಯದ ದನಿ.

"ಎಕ್ಸ್‌ರೇಯಲ್ಲಿ ಏನು ಕಂಡಿತು ಡಾಕ್ಟರೇ?"

"ಏನೂ ಕಾಣಲಿಲ್ಲ."

"ಗಾಯದ ಗುರುತು ಈಗ ಮೈಮೇಲೆ ಇದೆಯೆ?"

"ಇಲ್ಲ."

"ಹಾಗಾದರೆ ಕೈ ಎತ್ತಿದರೆ ನೋವಾಗುತ್ತದೆ ಎಂದು ನಿಮಗೆ ತಿಳಿಸಿದವರು ಯಾರು?"

"ರೋಗಿ."

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ನನಗೆ ಸಿಟ್ಟು ಬರಲಿಲ್ಲ, ಮೆಚ್ಚುಗೆಯಾಯಿತು. ಅವರ ಜಾಗದಲ್ಲಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ.

ನನ್ನ ಸರದಿ ಬಂತು. ಕೈ ಎತ್ತಲಾರೆ ಎಂದು ಪ್ರಮಾಣ ಮಾಡಿ ಹೇಳಿದೆ. ಸ್ಥಳದಲ್ಲಿ 'ಪರವಾಗಿಲ್ಲ' ಎಂದಿದ್ದು ಹೌದೋ ಅಲ್ಲವೋ ಎಂದರು ಬೆಂಗಳೂರಿನ ವಕೀಲರು. ಹೌದೆಂದೆ. ಮುನ್ಸೀಫರು ಅದನ್ನು ಇಂಗ್ಲಿಷಿಗೆ ತಿರುಗಿಸಿ, "ಐ ವಾಸ್ ನಾಟ್ ಹರ್ಟ್" ಎಂದು ಬರೆಸುವುದು ಕೇಳಿಸಿತು.

"ಕ್ಷಮಿಸಬೇಕು ಸ್ವಾಮಿ, ನಾನು ಹಾಗೆ ಹೇಳಿಲ್ಲ" ಎಂದೆ. "ಸಾರಿಗೆ ಉಪ್ಪು ಜಾಸ್ತಿ ಆಯ್ತೇನೋ ಅಂತ ಬಡಿಸಿದವರು ಕೇಳಿದರೆ, ಪರವಾಗಿಲ್ಲ ಅನ್ನುತ್ತೇವೆ. ಉಪ್ಪು ಜಾಸ್ತಿ ಆಗೇ ಇರುತ್ತದೆ. ಆ ಮಾತು ಉಪ್ಪಿನ ಬಗ್ಗೆ ಅಲ್ಲ, ಬಡಿಸಿದವರ ಬಗ್ಗೆ."

ಮುನ್ಸೀಫರು ಪೆನ್ನು ಕೆಳಗಿಟ್ಟರು. "ಚೆನ್ನಾಗಿದೆ. ಹಾಗಾದರೆ ಇಂಗ್ಲಿಷಿನಲ್ಲಿ ಏನಂತ ಬರೆಸಲಿ?"

ಇಂಗ್ಲಿಷ್ ಚರ್ಚೆಯಲ್ಲಿ ಕಪ್ ಗೆದ್ದವನು ನಾನು. ಬಾಯಿ ತೆರೆದೆ. ಒಂದು ಪದವೂ ಸಿಗಲಿಲ್ಲ.

"ಇಲ್ಲವಾದರೆ ಇದೇ ಇರಲಿ" ಎಂದರು. ಕುಳಿತೆ. ರುದ್ರಪ್ಪ ಮಾವ ನನ್ನ ಕಡೆ ನೋಡಲಿಲ್ಲ. ಸೋತೆವು ಎಂದು ಅವರ ಬೆನ್ನೇ ಹೇಳುತ್ತಿತ್ತು.

ಹಾಲೇಶಪ್ಪನವರನ್ನು ಅವರ ಕಡೆಯ ಸಾಕ್ಷಿಯಾಗಿ ಕರೆದರು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಕಂಪನಿ ಕಲಿಸಿದ್ದನ್ನು ಹೇಳುತ್ತಾರೆ. ಬಸ್ಸು ಅವರದು, ಹೊಲ ಹೋಗಿದೆ, ತಪ್ಪು ತಮ್ಮದೆಂದು ಒಪ್ಪುವ ಮೂರ್ಖರು ಯಾರು? ಪ್ರಮಾಣ ಮಾಡಿದರು. ಬಸ್ಸು ಎಷ್ಟು ನಿಧಾನವಾಗಿ ವಾಲಿತು, ಯಾರಿಗೂ ರಕ್ತ ಬರಲಿಲ್ಲ ಎಂಬುದೆಲ್ಲ ಆಯಿತು. ಅವರ ವಕೀಲರು ಕೊನೆಯ ಪ್ರಶ್ನೆಯನ್ನು ಮೊಳೆ ಹೊಡೆಯುವಂತೆ ಕೇಳಿದರು.

"ಈ ವಾದಿಗೆ ಪೆಟ್ಟಾಗಿದೆ ಎಂದು, ದಾವೆಯ ಕಾಗದ ಬಿಟ್ಟರೆ, ನಿಮಗೆ ಯಾವತ್ತಾದರೂ ತಿಳಿದಿತ್ತೆ?"

"ತಿಳೀದೇ ಏನ್ ಸ್ವಾಮಿ. ನಾನೇ ಹೋಗಿ ಕಾಲು ಇಟ್ಟು ಬಂದಿದೀನಲ್ಲ."

ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿದರು.

ಮಾವ ನನ್ನ ಕಡೆ ತಿರುಗಿದ ವೇಗಕ್ಕೆ ಅವರ ಕತ್ತೂ ಉಳುಕಬೇಕಿತ್ತು.

"ಕಾಲು ಅಂದರೆ?" ಎಂದರು ಬೆಂಗಳೂರಿನ ವಕೀಲರು.

ಮುನ್ಸೀಫರು ನಮ್ಮ ಸೀಮೆಯವರೇ. ಅವರ ಮೀಸೆಯ ಕೆಳಗೆ ಏನೋ ಹಾದುಹೋಯಿತು. "ನೀವು ಕಾಲು ಮುಂದಾಗಿ ಹುಟ್ಟಿದವರೇ?" ಎಂದು ತಾವೇ ಕೇಳಿದರು.

"ಹೌದು ಸ್ವಾಮಿ. ಅವ್ರ ಅತ್ತೆ ಬಂದು ಕರೆದ್ರು. ಹೋದೆ."

ವಕೀಲರು ಸಾವರಿಸಿಕೊಂಡರು. "ಹೆಂಗಸರು ಕರೆದರು, ನೀವು ಮರ್ಯಾದೆಗೆ ಹೋದಿರಿ. ಅಷ್ಟೇ ತಾನೆ? ನಿಜಕ್ಕೂ ಉಳುಕಿತ್ತೆಂದು ನೀವು ಹೇಳಲಾರಿರಿ."

ಹಾಲೇಶಪ್ಪನವರು ತಮ್ಮ ವಕೀಲರನ್ನು ಮಕ್ಕಳನ್ನು ನೋಡುವ ಹಾಗೆ ನೋಡಿದರು. "ಅದೆಂಗಾಗುತ್ತೆ ಸ್ವಾಮಿ? ಹೋದದ್ದು ಮರ್ಯಾದೆಗೇ. ಕಾಲು ಮರ್ಯಾದೆಗೆ ಇಡೋಕೆ ಬರುತ್ತಾ? ಉಳುಕಿಲ್ದೋರ ಮೈಮೇಲೆ ಕಾಲಿಟ್ರೆ ಪಾಪ ಸುತ್ಕೊಳುತ್ತೆ. ಮೊದ್ಲು ಮುಖ ನೋಡಿದೆ, ಕೈ ಎತ್ತೋಕೆ ಹೋದಾಗ ಬಣ್ಣ ಹೋಯ್ತು. ಆಮೇಲೆ ಇಟ್ಟೆ. ಅವ್ರು ಅವತ್ತು ಪರವಾಗಿಲ್ಲ ಅಂದಿದ್ದು ನನ್ನ ಕೈ ನಡುಗ್ತಿತ್ತು ಅಂತ."

ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಗೊತ್ತಿತ್ತು! ಆ ಸಂಜೆಯಿಂದಲೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ನನಗೆ ಸಿಗದ ಅರ್ಥವನ್ನು ಅವರು ಅನುಭವಿಸಿ ಇಟ್ಟುಕೊಂಡಿದ್ದರು. ಗೆಲ್ಲಲು ಒಂದು ಸುಳ್ಳು ಸಾಕಿತ್ತು. ಸುಳ್ಳು ಹೇಳಬಾರದೆಂಬ ತತ್ವ ಅವರನ್ನು ತಡೆದಂತೆಯೂ ಕಾಣಲಿಲ್ಲ. ಬೇರೆ ಉತ್ತರವೊಂದು ಇರಬಹುದೆಂದೇ ಅವರಿಗೆ ಹೊಳೆದಿರಲಿಲ್ಲ. ಎರಡು ಪಕ್ಷವನ್ನೂ ವಾದಿಸಬಲ್ಲೆ ಎಂದು ಮೆರೆಯುತ್ತಿದ್ದವನಿಗೆ ಇಂಥ ಮನಸ್ಸು ಬೆಟ್ಟದ ಹಾಗೆ ಕಂಡಿತು. ಎಲ್ಲಿಂದ ಹತ್ತಬೇಕೆಂದೇ ತಿಳಿಯಲಿಲ್ಲ.

ತೀರ್ಪು ಆಮೇಲೆ ಎಂದು ಹೇಳಿ ಮುನ್ಸೀಫರು ಎದ್ದು ಹೋದರು.

ಜಗಲಿಯಲ್ಲಿ ಹಾಲೇಶಪ್ಪನವರು ಒಬ್ಬರೇ ನಿಂತು ರುಮಾಲು ಸುತ್ತಿಕೊಳ್ಳುತ್ತಿದ್ದರು. ಹತ್ತಿರ ಹೋದೆ. ಏನೋ ಹೇಳಬೇಕೆಂದುಕೊಂಡೆ. ಕೈ ಮುಗಿದೆ.

ಎರಡೂ ಕೈ.

ಹಣೆಯ ಮೇಲಕ್ಕೆ.

ನನ್ನ ಕಣ್ಣ ಮುಂದೆಯೇ ನನ್ನ ಬಲಗೈ, ಡಾಕ್ಟರು ಪ್ರಮಾಣ ಮಾಡಿ ಏಳುವುದಿಲ್ಲ ಎಂದ ಕೈ, ಎಡಗೈಯ ಜೊತೆ ಸೇರಿ ಮೇಲೆ ನಿಂತಿತ್ತು. ನಾನು ಎತ್ತಿರಲಿಲ್ಲ. ಅದು ಎದ್ದಿತ್ತು. ಒಂದು ಗಳಿಗೆ ನೋವೂ ಇರಲಿಲ್ಲ. ಅಲ್ಲಿ ಬರೀ ಒಂದು ಕೈ ಇತ್ತು, ಯಾರೋ ಉಸಿರು ಬಿಟ್ಟಷ್ಟು ಸುಲಭವಾಗಿ ಎದ್ದ ಕೈ.

"ಇಳಿಸೋ ಕತ್ತೇ!" ಎಂದರು ಮಾವ ಹಲ್ಲು ಕಚ್ಚಿಕೊಂಡು.

ತಡವಾಗಿತ್ತು. ಬೆಂಗಳೂರಿನ ವಕೀಲರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಕಂಡಿರಾ? ಎಲ್ಲರೂ ಕಂಡಿರಾ? ಕೈ ಎತ್ತಿದರು!"

"ಕೋರ್ಟು ಎದ್ದ ಮೇಲೆ ಕಂಡದ್ದು ತಾನೇ?" ಎಂದರು ಮಾವ. "ಅದನ್ನ ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ."

ಅಷ್ಟರಲ್ಲಿ ನೋವು ಬಂದು ಮುಟ್ಟಿತು. ನಾನು ಪಕ್ಕಕ್ಕೆ ವಾಲಿದೆ, ಹಾಲೇಶಪ್ಪನವರೇ ಹಿಡಿದುಕೊಂಡರು. ಆ ಮೇಲೆ ಕೈ ಮತ್ತೆ ಏಳಲಿಲ್ಲ. ಆ ದಿನವೂ ಇಲ್ಲ, ಮಾರನೆಯ ದಿನವೂ ಇಲ್ಲ. ನಾನು ಸುಳ್ಳನೇ? ನಿಜ ಹೇಳುತ್ತೇನೆ, ಆ ಪ್ರಶ್ನೆ ನನ್ನನ್ನು ಚೆನ್ನಾಗಿ ಕಡಿಯಿತು. ಎತ್ತಲಾರೆ ಎಂದು ಪ್ರಮಾಣ ಮಾಡಿದವನು ನಾನು, ಎತ್ತಿದವನೂ ನಾನು. ನೇರವಾಗಿ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಎಷ್ಟು ಎತ್ತರಕ್ಕೆ? ಹಣೆಗೆ? ಮಾರಾಯ, ಇದಕ್ಕಿಂತ ಒಳ್ಳೇ ಸುದ್ದಿ ಬೇಕಾ! ನರ್ವ್ ಜೀವಂತ ಇದೆ. ಟೆಂಡನ್ ಹರಿದಿಲ್ಲ. ಮಸಲ್ ನೋವಿಗೆ ಹೆದರಿ ಬಾಗಿಲು ಹಾಕ್ಕೊಂಡು ಕೂತಿದೆ ಅಷ್ಟೆ. ಗಾರ್ಡಿಂಗ್ ಅಂತೀವಿ. ನೀನು ಎತ್ತು ಅಂದಾಗಲೆಲ್ಲ ಅದು ಹೆದರುತ್ತೆ. ಅವತ್ತು ನೀನು ಅನ್ನಲಿಲ್ಲ, ಅದು ಹೆದರೋದನ್ನ ಮರೀತು."

"ಹಾಗಾದ್ರೆ ನೋವು ಸುಳ್ಳಾ?"

"ಕಾವಲುಗಾರ ನಿಜ ಕಣಯ್ಯಾ. ಕಳ್ಳ ಹೋಗಿ ಆಗಿದೆ, ಅವನಿಗೆ ಇನ್ನೂ ಗೊತ್ತಿಲ್ಲ."

ಈ ಹಿಡಿ ಮಾಂಸ ನನಗಿಂತ ಮೊದಲೇ ಅಪಾಯ ಅರಿಯುತ್ತದೆ, ನನ್ನನ್ನು ಕೇಳದೆ ನನ್ನನ್ನು ಕಾಯುತ್ತದೆ, ಒಬ್ಬ ದೊಡ್ಡ ಮನುಷ್ಯನನ್ನು ಕಂಡರೆ ನನಗಿಂತ ಮೊದಲೇ ಏಳುತ್ತದೆ. ಇದನ್ನೆಲ್ಲ ಯಾವ ಪಕ್ಷದಲ್ಲಿ ನಿಂತು ವಾದಿಸಲಿ? ಇದಕ್ಕೆ ವಿರೋಧ ಪಕ್ಷವೇ ಇಲ್ಲ. ಸುಮ್ಮನೆ ಬಾಯಿ ಬಿಟ್ಟು ನೋಡಬೇಕು.

ವ್ಯಾಯಾಮ ಶುರುವಾಯಿತು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸುವುದು. ಅತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತು ಹೇಳುತ್ತಿದ್ದಳು. "ಅವಸರ ಮಾಡ್ಬೇಡ. ಅದ್ರ ಹತ್ರ ವಾದ ಮಾಡ್ಬೇಡ. ಹಂಗೇ ಮಾತಾಡಿಸ್ತಾ ಕರ್ಕೊಂಡು ಹೋಗು." ಲಿನಿಮೆಂಟಿಗಿಂತ ಆ ಮಾತು ಹೆಚ್ಚು ಕೆಲಸ ಮಾಡಿತೆಂದು ಡಾಕ್ಟರಿಗೆ ಹೇಳಿಲ್ಲ.

ಜಗಲಿಯಲ್ಲಿ ನಡೆದದ್ದನ್ನು ಕೋರ್ಟಿನಿಂದ ಮುಚ್ಚಿಡುವುದು ನನ್ನಿಂದಾಗಲಿಲ್ಲ. ಆ ಮುದುಕರ ಸಾಕ್ಷ್ಯ ಕೇಳಿದ ಮೇಲೆ ಅದು ಸಾಧ್ಯವೇ ಇರಲಿಲ್ಲ. ಮಾವ ತಲೆ ತಲೆ ಚಚ್ಚಿಕೊಂಡು ಡಾಕ್ಟರ ವಿವರಣೆಯ ಸಮೇತ ಮುನ್ಸೀಫರ ಮುಂದೆ ಇಟ್ಟರು. ತೀರ್ಪು ಬಂತು: ಪೆಟ್ಟು ನಿಜ, ಶಾಶ್ವತ ಎಂಬುದು ಮಾತ್ರ ಸಾಬೀತಾಗಿಲ್ಲ. ಆಸ್ಪತ್ರೆಯ ಖರ್ಚು ಮತ್ತು ಹೋದ ಸಂಬಳವನ್ನು ಇನ್ಶೂರೆನ್ಸ್ ಕಂಪನಿ ಕೊಡತಕ್ಕದ್ದು. ಮುಂದಿನ ಜೀವನಕ್ಕೆಂದು ಕೇಳಿದ್ದು ಸಿಗಲಿಲ್ಲ. ನನಗೆ ದುಃಖವಾಗಲಿಲ್ಲ. ತೀರ್ಪಿನ ಎರಡು ಭಾಗವೂ ಸರಿ. ನನ್ನ ಭುಜವನ್ನೇ ಕೇಳಿದ್ದರೂ ಅದು ಇದನ್ನೇ ಹೇಳುತ್ತಿತ್ತು.

ತೀರ್ಪಿನ ನಕಲನ್ನು ಕಂಡ ಹೆಡ್ ಡ್ರಾಫ್ಟ್ಸ್‌ಮನ್ ನಗಲಿಲ್ಲ. ನನ್ನ ಜಾಗ ಖಾಲಿಯೇ ಇತ್ತು. ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಕೈ ಕಿವಿಯ ಮಟ್ಟಕ್ಕೆ ಏಳುತ್ತದೆ. ಚಳಿಯ ಬೆಳಿಗ್ಗೆ ಅಷ್ಟೂ ಇಲ್ಲ. ಪೂರ್ತಿ ಬರುತ್ತದೆಯೇ ಎಂದರೆ ಡಾಕ್ಟರು ಇನ್ನೂ ನೋಡೋಣ ಎನ್ನುತ್ತಾರೆ. ನೋಡೋಣ. ಈ ವಾರ ಹಲಗೆಯ ಮೇಲಿರುವುದು ಕಾಗದನಗರದ ಕ್ವಾರ್ಟರ್ಸಿನ ನಕ್ಷೆ, ಸಾಲು ಸಾಲು ಪುಟ್ಟ ಮನೆಗಳು. ಮೇಲಿನ ಸಾಲಿಗೆ ನನ್ನ ಕೈ ಹೋಗುವುದಿಲ್ಲ. ಅದಕ್ಕೇ ಬಟ್ಟೆಯನ್ನೂ ನಕ್ಷೆಯನ್ನೂ ಸೇರಿಸಿ ತಲೆಕೆಳಗು ಮಾಡಿಕೊಳ್ಳುತ್ತೇನೆ. ಉತ್ತರ ದಿಕ್ಕು ನನ್ನ ಹೊಟ್ಟೆಯ ಕಡೆಗೆ ಬರುತ್ತದೆ, ಮನೆಗಳ ಬಾಗಿಲು ಹಿಂದುಮುಂದಾಗುತ್ತವೆ. ಸಾವಕಾಶವಾಗಿ ಒಂದೊಂದೇ ಗೋಡೆ ಎಳೆಯುತ್ತೇನೆ. ತಿರುಗಿಸಿ ನೋಡಿದರೆ ಗೆರೆ ನೆಟ್ಟಗೇ ಇರುತ್ತದೆ.